ಎಡಗೈ ನೂಲು

ಕಂಪೌಂಡರ್ ಬಸಣ್ಣ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಕಂಬಳಿಯನ್ನು. ಕೂರಲು ಹಾಸಿದ ಕಂಬಳಿಯ ಮೂಲೆ ಎತ್ತಿ, ಒಂದು ಎಳೆಯನ್ನು ಎರಡು ಬೆರಳ ನಡುವೆ ಹೊಸೆದು, ಕಣ್ಣು ಮುಚ್ಚಿ ‘ಹೂಂ’ ಅನ್ನುತ್ತಿದ್ದರು. ಮನೆಯವರ ಕ್ಷೇಮಸಮಾಚಾರ ಆಮೇಲೆ. ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಹೀಗೇ ಮಾಡಿ ಹೆಂಡತಿಯಿಂದ ತಿವಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಬಳ್ಳಾರಿಯ ದನದ ದವಾಖಾನೆಯಲ್ಲಿ ಅವರಿಗೆ ಕೆಲಸ. ಡಾಕ್ಟರ ಹಿಂದೆ ರೂಪನಗುಡಿ, ರಾರಾವಿ ಎಂದು ಕುರಿಹಟ್ಟಿಗಳನ್ನು ಸುತ್ತುವಾಗ ಕುರುಬರು ಪ್ರೀತಿಯಿಂದ ಉಣ್ಣೆ ಕೊಡುತ್ತಿದ್ದರು. ನೂಲುವುದನ್ನು ಕಲಿಸಿದವರೂ ಅವರೇ. ಒಂದು ಹೆಗಲಿಗೆ ಔಷಧದ ಚೀಲ, ಇನ್ನೊಂದಕ್ಕೆ ಉಣ್ಣೆಯ ಚೀಲ. ಬಸ್ಸಿಗೆ ಕಾಯುತ್ತ ನಿಂತಾಗಲೂ ಅವರ ಕೈಯಿಂದ ಇಳಿಬಿದ್ದ ಮರದ ತಕಲಿ ಗರಗರ ತಿರುಗುತ್ತಿತ್ತು.

ಭಾನುವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಟೇಲರ್ ರಜಾಕಸಾಬ, ಹೆಣ್ಣುಮಕ್ಕಳ ಶಾಲೆಯ ಶಾರದಮ್ಮ ಟೀಚರ್, ಎಸ್ಸೆಸ್ಸೆಲ್ಸಿ ಮುಗಿಸಿ ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ನಾನು. ನೂಲು ಯಾರ ಹೊಟ್ಟೆಪಾಡೂ ಅಲ್ಲ, ಬರೀ ಹುಚ್ಚು. ವಾರವೆಲ್ಲ ಮಾಡಿದ್ದನ್ನು ಒಂದು ಮೊರದಲ್ಲಿ ಹೆಸರು ಹೇಳದೆ ಇಡಬೇಕು. ಎಲ್ಲರೂ ಮುಟ್ಟಿ ನೋಡಬೇಕು, ಕೊರತೆ ಹೇಳಬೇಕು. ಕೊನೆಗೆ ಬಸಣ್ಣ ಒಂದೊಂದೇ ಎತ್ತಿ ಹಿಡಿದು “ಯಾರದಿದು?” ಎಂದು ಕೇಳುತ್ತಿದ್ದರು. ಮಾಡಿದವರು “ನಂದು” ಎಂದು ಬಾಯಿಬಿಟ್ಟು ಹೇಳಬೇಕು. ಪಡಸಾಲೆಯ ಕಾನೂನು ಅಷ್ಟೇ.

ನೂಲಿನ ಜೊತೆಗೆ ಉಣ್ಣೆ ಒತ್ತುವ ಕೆಲಸವೂ ನಡೆಯುತ್ತಿತ್ತು. ಇದರಲ್ಲಿ ನೇಯುವುದಿಲ್ಲ. ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಹರಡಿ, ಬಿಸಿ ಸಾಬೂನು ನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ, ಮೊಣಕೈಯಿಂದ ಉರುಳಿಸಿ ಉರುಳಿಸಿ ಗಟ್ಟಿ ಮಾಡುವುದು. ರಜಾಕಸಾಬ ಹಾಗೆ ತನ್ನ ಹೊಲಿಗೆ ಮಷೀನಿನ ಸ್ಟೂಲಿಗೆ ಮೆತ್ತೆ ಮಾಡಿಕೊಂಡಿದ್ದ. ಅದನ್ನು ನೋಡಿ ಬಸಣ್ಣ ತಲೆ ಅಳೆದುಕೊಂಡು ಒಂದು ಟೊಪ್ಪಿಗೆ ಮಾಡಿದರು. ಒತ್ತಿದಷ್ಟೂ ಉಣ್ಣೆ ಕುಗ್ಗುತ್ತದೆ ಎಂಬುದನ್ನೇ ಮರೆತಿದ್ದರು. ಒಣಗಿದ ಟೊಪ್ಪಿಗೆ ನೆತ್ತಿಯ ಮೇಲೆ ಬಟ್ಟಲಿನ ಹಾಗೆ ಕೂತಿತು.

“ಅರೆ ಬಸಣ್ಣಾ, ತೆಂಗಿನಕಾಯಿಗೆ ಹೊಲಿಸೀಯೇನು?” ಎಂದ ರಜಾಕಸಾಬ.

“ಟೊಪ್ಪಿಗಿ ಬರೋಬ್ಬರಿ ಐತ್ಲೇ. ನನ್ನ ತಲಿನಾ ದೊಡ್ಡದು.”

ವರ್ಷವಿಡೀ ಅದನ್ನೇ ಹಾಕಿಕೊಂಡು ಓಡಾಡಿದರು.

ಚಿಕ್ಕಂದಿನಲ್ಲೇ ತಂದೆ ತೀರಿಕೊಂಡ ನನಗೆ ಸಿರುಗುಪ್ಪದಲ್ಲಿ ಹೆಣ್ಣು ನೋಡಲು ಹಿರಿಯರಾಗಿ ಬಂದವರೂ ಅವರೇ. ಹುಡುಗಿ ಚಹಾ ತಂದಳು. ಎಲ್ಲರೂ ಅವಳನ್ನು ನೋಡುತ್ತಿದ್ದರೆ ಬಸಣ್ಣ ತಾವು ಕೂತಿದ್ದ ಕಂಬಳಿಯ ಮೂಲೆ ಹಿಡಿದು ಕಣ್ಣು ಮುಚ್ಚಿದ್ದರು.

“ಈ ನೂಲು ಯಾರದು?”

“ನಂದಾರಿ,” ಎಂದಳು ಹುಡುಗಿ, ಈರಮ್ಮ.

“ಎಡಗೈಲೆ ನೂಲ್ತೀ ಏನು ತಾಯಿ?”

ಅವಳ ತಾಯಿಯ ಮುಖ ಇಳಿದುಹೋಯಿತು. ಎಡಚಿ ಎಂದು ಗೊತ್ತಾದರೆ ಗಂಡಿನವರು ಎದ್ದು ಹೋಗುತ್ತಾರೆಂಬ ಹೆದರಿಕೆ. “ಇಲ್ರಿ, ಉಣ್ಣಾದು ಬಲಗೈಲೇನ…” ಎಂದು ತಡವರಿಸಿದರು.

ಬಸಣ್ಣ ನಕ್ಕರು. “ಹೆದರಬ್ಯಾಡ ಬಿಡವ್ವಾ. ಇಷ್ಟು ಸಣ್ಣ ಎಳಿ ನಾ ಹಟ್ಟಿಯೊಳಗೂ ಕಂಡಿಲ್ಲ. ಲೇ ಮಲ್ಲಾ, ಸುಮ್ನ ಹೂಂ ಅನ್ನು.”

ನಾನು ಹೂಂ ಅಂದೆ. ನನ್ನ ಬಾಳಿನಲ್ಲಿ ಒಳ್ಳೆಯದು ಎನ್ನುವುದೆಲ್ಲ ಆ ಹೂಂನಿಂದ ಬಂದದ್ದು. ಅದಕ್ಕೆ ನಾನು ಮಾಡಿದ್ದೇನು, ಕೇಳಿ.

ಮದುವೆಯಾದ ಮೇಲೆ ಬಸಣ್ಣ ಪ್ರತಿ ಭಾನುವಾರ “ನಮ್ಮ ತಾಯೀನ ಕರ್ಕೊಂಡು ಬಾರಲೇ” ಎನ್ನುತ್ತಿದ್ದರು. ಆಕೆಗೆ ಪುರುಸೊತ್ತಿಲ್ಲ, ನೂಲುವುದನ್ನೇ ಬಿಟ್ಟಿದ್ದಾಳೆ ಎಂದು ನಾನು ಹೇಳುತ್ತಿದ್ದೆ. ಎರಡೂ ಸುಳ್ಳು. ನನ್ನ ನೂಲು ಇಲಿ ನುಂಗಿದ ಹಾವಿನ ಹಾಗೆ ಅಲ್ಲಲ್ಲಿ ಉಬ್ಬಿರುತ್ತಿತ್ತು. ಆಕೆ ಒಲೆಯ ಮುಂದೆ ಕೂತು, ಅನ್ನ ಕುದಿಯುವಷ್ಟರಲ್ಲಿ ತೆಗೆದ ಎಳೆ ಕೂದಲಿನ ಹಾಗಿರುತ್ತಿತ್ತು. ಅವೆರಡೂ ಒಂದೇ ಮೊರದಲ್ಲಿ ಕೂರುವುದು ನನಗೆ ಬೇಕಿರಲಿಲ್ಲ.

ಒಂದು ಭಾನುವಾರ ನನ್ನ ನೂಲಿನ ಉಂಡೆಯನ್ನು ಮನೆಯಲ್ಲೇ ಬಿಟ್ಟು ಅವಳದನ್ನು ಒಯ್ದೆ.

ಬಸಣ್ಣ ಎಳೆ ಹೊಸೆದರು. ಬಲಕ್ಕೆ ಹೊಸೆದರೆ ನಮ್ಮೆಲ್ಲರ ನೂಲು ಬಿಗಿಯಾಗುತ್ತದೆ. ಇದು ಎಡಗೈಯದು, ಬಿಚ್ಚಿಕೊಂಡಿತು. ಕಣ್ಣು ತೆರೆದು, “ಯಾರದಿದು?” ಎಂದರು.

“ನಂದು.”

“ಯಾರದು?”

“ನಂದಾರಿ ಬಸಣ್ಣ.”

ಅವರು ಉಂಡೆಯನ್ನು ಮೊರದಲ್ಲಿಟ್ಟರು. ವರ್ಷಗಳ ಹಿಂದೆ ಸಿರುಗುಪ್ಪದಲ್ಲಿ ಮುಟ್ಟಿದ ಕಂಬಳಿ ಅವರಿಗೆ ಎಲ್ಲಿ ನೆನಪಿರುತ್ತದೆ ಎಂದುಕೊಂಡೆ. ಆಮೇಲಿನ ವಾರಗಳಲ್ಲೂ ಹಾಗೇ ಒಯ್ದೆ. ಮನೆಯಲ್ಲಿ ಈರಮ್ಮ “ಏನಂದ್ರು ಬಸಣ್ಣ?” ಎಂದು ಆಸೆಯಿಂದ ಕೇಳುತ್ತಿದ್ದಳು. “ಚೊಲೊ ಐತಂದ್ರು” ಎನ್ನುತ್ತಿದ್ದೆ. ತನ್ನ ಹೆಸರಿನಲ್ಲೇ ಹೋಗುತ್ತಿದೆ ಎಂದು ನಂಬಿದ್ದಳು ಪಾಪ.

ಎಲ್ಲರ ನೂಲು ಸೇರಿಸಿ ಕುರುಗೋಡಿನ ನೇಕಾರರ ಕೈಲಿ ಒಂದು ಕಂಬಳಿ ಮಾಡಿಸಿದೆವು. ಅಂಚಿಗೆಲ್ಲ ಈರಮ್ಮನ ನೂಲು. ಶಾರದಮ್ಮ ಟೀಚರರ ಶಾಲೆಯಲ್ಲಿ ಅದನ್ನು ನಾಲ್ಕು ಜನರಿಗೆ ತೋರಿಸುವ ಏರ್ಪಾಡಾಯಿತು. ನನ್ನ ಅಕ್ಷರ ದುಂಡಗೆಂದು ಹೆಸರಿನ ಚೀಟಿ ಬರೆಯುವ ಕೆಲಸ ಬಸಣ್ಣ ನನಗೇ ಕೊಟ್ಟರು. “ಅಂಚಿಂದು ಯಾರದಂತ ನೀನಾ ಬರಿ. ಖರೇ ಬರಿ,” ಎಂದರು. ನಾನು ನನ್ನ ಹೆಸರು ಬರೆದೆ.

ಆ ದಿನ ಈರಮ್ಮ ಹೊಸ ಸೀರೆ ಉಟ್ಟು ಬಂದಳು. ನಾಲ್ಕನೇ ಇಯತ್ತೆ ಓದಿದವಳು. ಚೀಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

“ಅಕ್ಷರ ಭಾಳ ಚೊಲೊ ಅದಾವ್ರಿ,” ಎಂದಳು. ಅಷ್ಟೇ. ಮನೆಗೆ ಬಂದವಳೇ ತಕಲಿಯನ್ನು ಜಂತಿಗೆ ಸಿಕ್ಕಿಸಿದಳು. ಮತ್ತೆ ಇಳಿಸಲಿಲ್ಲ. ನಾನೂ ಪಡಸಾಲೆಗೆ ಹೋಗುವುದನ್ನು ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ, ಬಸಣ್ಣ ಕುರುಗೋಡಿನ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಇಬ್ಬರೂ ಹೋದೆವು. ರಜಾಕಸಾಬನೂ ಬಂದಿದ್ದ. ಬಸಣ್ಣ ದಿಂಬಿನ ಕೆಳಗಿನಿಂದ ಒಂದು ತಕಲಿ ತೆಗೆದರು. ಬಿಳಿ ಮರ, ಒಂದೂ ಕಲೆಯಿಲ್ಲ.

“ತಗೋ ತಾಯಿ. ಎಳಿ ಸಿಗಸೋ ಕಚ್ಚು ಎಡಕ್ಕ ಹೊಡಿಸೀನಿ. ಬಡಿಗೇರ ನಕ್ಕಿದ್ದ. ನಿನ್ನ ನೂಲು ಮೊದಲನೇ ಸಲ ಮೊರಕ್ಕ ಬಂದ ವಾರಾನ ಮಾಡಿಸಿದ್ದು. ಇವತ್ತು ಬರ್ತಿ, ನಾಳಿ ಬರ್ತಿ ಅಂತ ಇಟ್ಕೊಂಡು ಕುಂತೆ.”

ಈರಮ್ಮ ಒಂದು ಚಿಟಿಕೆ ಉಣ್ಣೆ ಸಿಕ್ಕಿಸಿ ಎಡಗೈಯಿಂದ ತಿರುವಿದಳು. ಇಷ್ಟು ವರ್ಷ ಬಿಟ್ಟಿದ್ದರೂ ಎಳೆ ತುಂಡಾಗಲಿಲ್ಲ. ಬಸಣ್ಣ ಅದನ್ನು ಬೆರಳಲ್ಲಿ ಹೊಸೆದು ಕಣ್ಣು ಮುಚ್ಚಿದರು. “ಹೂಂ.” ಕಣ್ಣು ತೆರೆದು ನನ್ನತ್ತ ನೋಡಿ, “ಯಾರದಲೇ ಮಲ್ಲಾ ಇದು?” ಎಂದರು.

ಸಿಟ್ಟಿನ ಸುಳಿವೂ ಇರಲಿಲ್ಲ. ಕೇಳುವವರಿದ್ದರು, ರಜಾಕಸಾಬನಿದ್ದ. ನಾನು ಗಡಿಯಾರ ನೋಡಿ, “ಬಸ್ಸಿಗೆ ಹೊತ್ತಾತ್ರಿ,” ಎಂದೆ.

ಬಸ್ಸಿನಲ್ಲಿ ಈರಮ್ಮನಿಗೆ ತಪ್ಪಾಯಿತೆಂದೆ.

“ನಂಗ್ಯಾಕ ಹೇಳ್ತೀರಿ? ನಂಗ ಗೊತ್ತಿಲ್ಲೇನು? ಚೀಟಿ ಓದಿದವರಿಗೆ ಹೇಳ್ರಿ. ಬಸಣ್ಣಗ ಹೇಳ್ರಿ.”

ಬರುವ ಭಾನುವಾರ ಹೋಗಿ ಹೇಳುತ್ತೇನೆ ಎಂದೆ. ಬಸಣ್ಣ ಗುರುವಾರವೇ ಹೋಗಿಬಿಟ್ಟರು. ನಾವು ಹೋದಾಗ ಪದ್ಧತಿಯಂತೆ ಅವರನ್ನು ಕೂರಿಸಿ, ಎಲ್ಲರ ನೂಲು ಸೇರಿಸಿ ಮಾಡಿಸಿದ್ದ ಆ ಕಂಬಳಿಯನ್ನೇ ಹೊದಿಸಿದ್ದರು. ಅಂಚು ಕೊರಳ ಹತ್ತಿರ ಮಡಚಿಕೊಂಡಿತ್ತು. ಈರಮ್ಮ ಬಗ್ಗಿ ಅದನ್ನು ನೆಟ್ಟಗೆ ಮಾಡಿದಳು.

ಆಕೆ ಈಗಲೂ ಎಡಕಚ್ಚಿನ ತಕಲಿಯಲ್ಲಿ ನೂಲುತ್ತಾಳೆ. ನಿನ್ನೆ ಒಂದು ಚೀಟಿ ಬರೆದು ಅವಳ ಉಂಡೆಗಳ ಬುಟ್ಟಿಗೆ ಅಂಟಿಸಿದೆ: ‘ನೂಲು: ಈರಮ್ಮನದು. ಕುರುಗೋಡಿನ ಕಂಬಳಿಯ ಅಂಚೂ ಇವಳದೇ.’ ಬೆರಳಿಟ್ಟು ಓದಿದಳು.

“ಅಕ್ಷರ ನಡುಗ್ಯಾವ್ರಿ,” ಎಂದಳು. ಚೀಟಿ ಕೀಳಲಿಲ್ಲ.

“ಯಾರದು?” ಎಂದು ಕೇಳುವವರು ಮಾತ್ರ ಇಲ್ಲ.