ಇಟ್ಟಿಗೆ ಬಣ್ಣದ ಗೂಡ್ಸ್ ಡಬ್ಬಿ

ಆಗದ ಮಾತು ಎಂದವನು ನನ್ನ ಸೋದರಮಾವ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ, ಮಗ್ಗದ ಗುಂಡಿಯ ಅಂಚಿಗೆ ಕೂತು ಎಲೆಯಡಿಕೆ ಮೆಲ್ಲುತ್ತಾ, ತನ್ನ ತೆಲುಗು ಬೆರೆತ ಮಾತಿನಲ್ಲಿ ಅಳಿಯನಾದ ನನಗೆ ಹೇಳಿದ್ದ:

"ಒರೇ ಅಲ್ಲುಡಾ, ಗುಂಡಿಯೊಳಗೆ ಕಾಲು ಇಳಿಬಿಟ್ಕೊಂಡು ಬೆಳೆದೋನು ನೀನು. ನೀನು ಎಂಜಿನಿಯರ್ ಪಾಸಾದ್ರೆ ಈ ಮೀಸೆ ನಾನೇ ಬೋಳಿಸ್ಕೊಂತೀನಿ."

ಅಣ್ಣ ಲಾಳಿ ನಿಲ್ಲಿಸದೆ, "ಈಗ್ಲೇ ಬೋಳಿಸ್ಕೊ ಮಾವ. ಆಮ್ಯಾಕೆ ಪುರುಸೊತ್ತು ಸಿಗ್ತೈತೋ ಇಲ್ವೋ" ಎಂದ.

ನಾನು ಬೆಂಗಳೂರಿನ ಕಾಲೇಜಿಗೆ ಹೋದದ್ದು ಅಣ್ಣನ ಬಲದಿಂದ. ನನ್ನ ಪಾಲಿನ ಸೀರೆಗಳನ್ನೂ ಅವನೇ ನೇಯುತ್ತಿದ್ದ. ಫೇಲಾದರೆ ಮರುಮಾತಿಲ್ಲದೆ ಮಗ್ಗಕ್ಕೆ ಇಳಿಯಬೇಕು ಎಂದು ಮಾವನ ಎದುರಿಗೇ ಒಪ್ಪಂದವಾಗಿತ್ತು. ನಮ್ಮ ವಂಶದಲ್ಲಿ ನನಗಿಂತ ಮೊದಲು ಸ್ಲೇಟು ಹಿಡಿದವರೇ ಇರಲಿಲ್ಲ.

ಕೊನೆಯ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಸೀಮೆಯ ಒಂದು ವಾಹನದ ಮಾದರಿ ಮಾಡಿ ಒಪ್ಪಿಸಬೇಕಿತ್ತು. ನಮಗೆ ಹತ್ತಿರದ ರೈಲೆಂದರೆ ರಾಯದುರ್ಗದ್ದು. ಅಲ್ಲಿಯ ಗೂಡ್ಸ್ ಡಬ್ಬಿ ಮಾಡುತ್ತೇನೆ, ಬೂದಿ ಬಣ್ಣ ಬಳಿಯುತ್ತೇನೆ ಎಂದೆ.

"ಲೈನು ಹೊಸದಾಗಿ ಬಂದಾಗ ಓಡಿದ ಡಬ್ಬಿ ಮಾಡು" ಎಂದರು ಪ್ರೊಫೆಸರು. "ಆಗಲೂ ಬೂದಿ ಬಣ್ಣವೇ ಇತ್ತೇ?"

"ಹೌದು ಸರ್. ಚಿಕ್ಕಂದಿನಿಂದ ನೋಡಿದ್ದೇನೆ."

"ಲೈನು ಬಂದಾಗ ನೀನೆಲ್ಲಿದ್ದೆ?"

"ತೊಟ್ಟಿಲಲ್ಲಿ, ಸರ್."

ತರಗತಿಯೆಲ್ಲ ನಕ್ಕಿತು. ಅವರು ನಗಲಿಲ್ಲ. "ಬಣ್ಣಕ್ಕೂ ಅಕ್ಷರಕ್ಕೂ ಪುರಾವೆ ತಾ. ಪುರಾವೆ ಇಲ್ಲದ್ದು ಆಟಿಕೆ. ಆಟಿಕೆ ಮಾಡಿದವನಿಗೆ ನಾನು ಸಹಿ ಹಾಕುವುದಿಲ್ಲ."

ಲೆಕ್ಕ, ಡ್ರಾಯಿಂಗು ಎಲ್ಲ ಗೆದ್ದು ಬಂದವನು ಬಣ್ಣದಲ್ಲಿ ಮುಗ್ಗರಿಸುವುದೇ?

ರಾಯದುರ್ಗದ ಸ್ಟೇಷನ್ನಿನಲ್ಲಿ ಕಂಡ ಡಬ್ಬಿಗಳೆಲ್ಲ ಬೂದಿ ಬಣ್ಣದವೇ. ಮೊದಲಿನವನ್ನು ಒಡೆದು ಹರಾಜು ಹಾಕಿದರು, ಹಲಗೆಗಳನ್ನು ಚಳ್ಳಕೆರೆಯ ಕಂಬಳಿ ಸಾಹುಕಾರರೊಬ್ಬರು ಕೊಂಡು ಅಂಗಡಿಗೆ ಬಾಗಿಲು ಮಾಡಿಸಿದರು ಎಂದು ಅಲ್ಲಿಯವರು ಹೇಳಿದರು. ಗಾಡಿ ಹತ್ತಿ ಚಳ್ಳಕೆರೆಗೆ ಹೋದೆ.

ಬಾಗಿಲು ನೀಲಿಯಾಗಿತ್ತು. ಚಾಕು ತೆಗೆದದ್ದನ್ನು ಕಂಡು ಸಾಹುಕಾರರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದರು.

"ಅರೆ ಭಾಯಿ, ನನ್ನ ಬಾಗ್ಲು ಕೆರೆಯೋಕೆ ಬೆಂಗಳೂರಿಂದ ಬಂದ್ಯಾ?"

ವಿಷಯ ಹೇಳಿದೆ. ಕೆರೆದಷ್ಟಕ್ಕೂ ಮತ್ತೆ ನೀಲಿ ಬಳಿದುಕೊಟ್ಟು ಹೋಗಬೇಕೆಂಬ ಕರಾರಿನ ಮೇಲೆ ಒಪ್ಪಿದರು. ನೀಲಿಯ ಕೆಳಗೆ ಬೂದಿ ಬಂತು. ಅದೇ ಇರಬೇಕೆಂದು ನಿಲ್ಲಿಸಲಿದ್ದೆ. ಚಾಕು ಜಾರಿ ಇನ್ನೂ ಒಳಗಿಳಿಯಿತು. ನಾನು ಕೂಗಿಯೇಬಿಟ್ಟೆ.

"ಏನು, ಚೇಳಾ?"

"ಅಲ್ಲ ಸಾಹುಕಾರ್ರೆ, ಇಟ್ಟಿಗೆ ಬಣ್ಣ!"

"ಯಾ ಅಲ್ಲಾ! ಬಣ್ಣಕ್ಕೆ ಇಷ್ಟು ಕೂಗಿದ್ರೆ ಚೇಳು ಕಡಿದ್ರೆ ಊರೇ ಬಿಡಿಸ್ತೀಯಲ್ಲಪ್ಪ!"

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪ್ರೊಫೆಸರು ತಡೆಯದಿದ್ದರೆ ಬೂದಿ ಬಣ್ಣದ ಸುಳ್ಳನ್ನು ಪ್ರಾಮಾಣಿಕವಾಗಿ ಒಪ್ಪಿಸಿ ಬರುತ್ತಿದ್ದೆ.

ಇನ್ನಷ್ಟು ಕೆರೆದಾಗ ರೈಲು ಕಂಪನಿಯ ಇಂಗ್ಲಿಷ್ ಅಕ್ಷರಗಳೂ ಸಂಖ್ಯೆಯ ತುಂಡೂ ಹಳದಿಯಾಗಿ ಕಂಡವು. ಎಣ್ಣೆಗಾಗದ ಒತ್ತಿ ಹಿಡಿದು, ಅದರ ಮೂಲಕ ಕಂಡ ಗೆರೆಗಳನ್ನು ಪೆನ್ಸಿಲ್ಲಿನಿಂದ ತಿದ್ದಿ ಅಚ್ಚು ತೆಗೆದುಕೊಂಡೆ. ಅಕ್ಷರದ ಹಳದಿ ಬಣ್ಣದ ಒಂದು ಚಕ್ಕೆಯನ್ನು ಎಬ್ಬಿಸಿ, ಪುರಾವೆಗೆಂದು ಹಲಗೆಯ ಸೀಳೊಂದನ್ನೂ ಕೇಳಿ ಪಡೆದೆ. ಬಾಗಿಲಿಗೆ ನೀಲಿ ಬಳಿದು ಊರಿಗೆ ಬಂದೆ.

ಮೊಳದುದ್ದದ ಡಬ್ಬಿ ಸಿದ್ಧವಾಗಿ, ಒಡಲಿಗೆ ಇಟ್ಟಿಗೆ ಬಣ್ಣವೂ ಆಯಿತು. ಅಕ್ಷರಕ್ಕೆ ಹಳದಿ ಕಲಸುವ ಮುನ್ನ ಕಿಟಕಿಯಲ್ಲಿಟ್ಟಿದ್ದ ಚಕ್ಕೆ ತೆಗೆದು ನೋಡಿದರೆ, ಅರ್ಧ ಹಳದಿ, ಅರ್ಧ ಬಿಳಿ! ಅದರ ಮೇಲೆ ಅವ್ವ ನೂಲಿನ ಉಂಡೆ ಇಟ್ಟಿದ್ದಳು. ಉಂಡೆಯ ಅಡಿಯಲ್ಲಿದ್ದ ಭಾಗ ಹಳದಿಯಾಗಿಯೇ ಉಳಿದಿತ್ತು, ಬಿಸಿಲು ಬಿದ್ದ ಭಾಗ ಬೆಳ್ಳಗಾಗಿತ್ತು. ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿ, ಇನ್ನೊಂದು ಬಣ್ಣದ ಕೆಳಗೆ ಕತ್ತಲಲ್ಲಿ ಕೂತು ಹಳದಿಯಾಗಿತ್ತು, ಅಷ್ಟೆ. ಎರಡನೆಯ ಸಲ ಸುಳ್ಳಿನ ಹೊಸ್ತಿಲಿಗೆ ಹೋಗಿ ಹಿಂದಿರುಗಿದ್ದೆ.

ಅಕ್ಷರ ಬರೆಯಲು ನನ್ನ ಕೈ ಸಾಲದು. ಅಣ್ಣನ ಕೈ ಹಾಗಲ್ಲ. ಅವನು ಸೀರೆಯಲ್ಲಿ ಎತ್ತಿದ ಬುಟ್ಟಾ ಚಿತ್ರದಲ್ಲಿ ಎಳೆ ಆಚೀಚೆಯಾದದ್ದಿಲ್ಲ. ಬಿಳಿ ಬಣ್ಣ, ಸಣ್ಣ ಕುಂಚ, ಅಚ್ಚಿನ ಕಾಗದ ಕೊಟ್ಟು, "ಇದರಲ್ಲಿರೋ ಹಂಗೇ ಬರಿ ಅಣ್ಣಾ" ಎಂದು ಹೇಳಿ ಮಾವನ ಮನೆಗೆ ಮಧ್ಯಾಹ್ನದ ಊಟಕ್ಕೆ ಹೋದೆ. ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಹೊರಡಬೇಕಿತ್ತು.

ಹಿಂದಿರುಗಿ ನೋಡಿದವನು ಬಾಗಿಲಲ್ಲೇ ಕೂತುಬಿಟ್ಟೆ. ಅಕ್ಷರಗಳು ಮುತ್ತಿನಂತಿದ್ದವು, ಆದರೆ ಎಲ್ಲವೂ ತಿರುವುಮುರುವು! 'ಆರ್' ಎಡಕ್ಕೆ ಹೆಜ್ಜೆ ಹಾಕಿತ್ತು, ಸಂಖ್ಯೆ ಹಿಂದುಮುಂದಾಗಿತ್ತು. ಎಡಬಲದ ಭೇದವಿಲ್ಲದ 'ಎಂ' ಒಂದೇ ನೆಟ್ಟಗಿತ್ತು.

"ಅಣ್ಣಾ, ಎಲ್ಲಾ ಉಲ್ಟಾ ಬರ್ದೀಯಲ್ಲೋ!"

"ಉಲ್ಟಾ ಎಲ್ಲೈತೆ? ಮುಖದ ಕಡೆಯಿಂದ ನೋಡು ಲೇ, ಸರಿ ಐತೆ."

ಆಗ ಹೊಳೆಯಿತು. ನಮ್ಮ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ. ನೇಯುವವನ ಕಣ್ಣಿಗೆ ಬೀಳುವುದು ಬೆನ್ನು. ಉಟ್ಟವಳ ಸೆರಗಿನಲ್ಲಿ ಬಲಕ್ಕೆ ನೋಡಬೇಕಾದ ಗಿಳಿಯನ್ನು ಅವನು ಎಡಕ್ಕೆ ತಿರುಗಿಸಿ ನೇಯಬೇಕು. ಮುಖ ಹೇಗೆ ಬಂತೆಂದು ನೋಡಲು ಸೀರೆಯಡಿ ಕನ್ನಡಿ ಹಿಡಿಯಬೇಕು. ಚಿತ್ರ ಕಂಡೊಡನೆ ತಿರುಗಿಸುವುದು ಅಣ್ಣನ ಕೈಗೆ ಉಸಿರಾಟದಷ್ಟೇ ಸಹಜ. ಇಂಗ್ಲಿಷ್ ಇರಲಿ, ಕನ್ನಡವನ್ನೂ ಓದಲು ಬಾರದವನಿಗೆ ಆ ಗೆರೆಗಳೂ ಬುಟ್ಟಾಗಳೇ.

"ಮರಕ್ಕೆ ಮುಖ ಕೆಳಗಿರ್ತೈತೇನೋ?" ಎಂದೆ.

ಅಣ್ಣ ಡಬ್ಬಿಯನ್ನು ಎತ್ತಿ, ಬಾಗಿಲು ತೆರೆದು, ಹಲಗೆಯ ಒಳಬದಿ ಇಣುಕಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ನಿನ್ನ ಪರೀಕ್ಷೆ ನಾನೇ ಕೆಡಿಸಿದ್ನೇನೋ?"

ಬಣ್ಣ ಇನ್ನೂ ಹಸಿಯಿತ್ತು. ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಮೆಲ್ಲಗೆ ಒರೆಸಿದೆವು. ಅಣ್ಣ ಮತ್ತೆ ಕುಂಚ ಹಿಡಿದ. ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಕೈ ಮತ್ತೆ ತಿರುಗಿತ್ತು.

"ಕೈ ನನ್ನ ಮಾತು ಕೇಳ್ತಿಲ್ಲ ಲೇ."

ಒಲೆಯ ಮುಂದಿದ್ದ ಅವ್ವ ಸಿಡುಕುತ್ತಾ ಎದ್ದು ಬಂದಳು. ಮಗ್ಗದಡಿಯ ಕನ್ನಡಿಯನ್ನು ಎಳೆದು ಅಚ್ಚಿನ ಕಾಗದದ ಎದುರಿಗೆ ಹಿಡಿದಳು. "ಕಾಗದ ನೋಡ್ಬೇಡ. ಇದರೊಳಗಿರೋದನ್ನ ನೋಡಿ ಬರಿ. ನೀವಿಬ್ರೂ ಸೇರಿ ಮನೆ ತುಂಬಾ ನಾತ ಎಬ್ಬಿಸಿದ್ದೀರಿ!"

ಅಣ್ಣ ಕನ್ನಡಿಯಲ್ಲಿ ಕಂಡ ತಿರುವುಮುರುವನ್ನು ತನ್ನ ಅಭ್ಯಾಸದಂತೆ ಮತ್ತೆ ತಿರುಗಿಸಿದ. ಹಲಗೆಯ ಮೇಲೆ ನೆಟ್ಟಗಿನ 'ಆರ್' ಬಂದು ನಿಂತಿತು. ಕಣ್ಣೆದುರೇ ನಡೆಯುತ್ತಿದ್ದರೂ ನನಗೆ ನಂಬಿಕೆ ಬರಲಿಲ್ಲ. ಅವ್ವನ ಕೈ ಸೋಲುವವರೆಗೆ ಅವಳು, ಆಮೇಲೆ ನಾನು ಕನ್ನಡಿ ಹಿಡಿದೆವು. ದೀಪ ಹಚ್ಚುವ ಮುಂಚೆ ಸಂಖ್ಯೆಯೂ ಮುಗಿಯಿತು.

ಬೆಂಗಳೂರಿನಲ್ಲಿ ಪ್ರೊಫೆಸರು ಹಲಗೆಯ ಸೀಳು, ಅರ್ಧ ಬೆಳ್ಳಗಾದ ಚಕ್ಕೆ, ಅಚ್ಚು ಎಲ್ಲವನ್ನೂ ಡಬ್ಬಿಯ ಪಕ್ಕ ಇಟ್ಟು ಒಂದೊಂದಾಗಿ ಹೋಲಿಸಿ ನೋಡಿದರು.

"ಅಕ್ಷರ ಯಾರದು?"

"ನಮ್ಮ ಅಣ್ಣನದು, ಸರ್."

"ಇಂಗ್ಲಿಷ್ ಎಲ್ಲಿಯವರೆಗೆ ಓದಿದ್ದಾನೆ?"

"ಓದಿಲ್ಲ ಸರ್. ನೇಯ್ತಾನೆ."

ಅವರು ಕನ್ನಡಕ ತೆಗೆದು ಒಮ್ಮೆ ನನ್ನನ್ನು, ಒಮ್ಮೆ ಡಬ್ಬಿಯನ್ನು ನೋಡಿದರು. ಆಮೇಲೆ ಸಹಿ ಹಾಕಿದರು.

ಸರ್ಟಿಫಿಕೇಟ್ ಹಿಡಿದು ಊರಿಗೆ ಬಂದಾಗ ಮಾವ ಅದೇ ಗುಂಡಿಯ ಅಂಚಿನಲ್ಲಿ ಕೂತಿದ್ದ. ತಂದು ಅವನ ಕೈಗೇ ಕೊಟ್ಟೆ. ಅವನೂ ನೇಕಾರನೇ; ಮುಂಬದಿ ನೋಡಲೇ ಇಲ್ಲ. ಸೀದಾ ಮಗುಚಿ, ಖಾಲಿ ಬೆನ್ನಿನ ಮೇಲೆ ಬೆರಳಾಡಿಸಿ, "ಏಮಿರಾ ಇದಿ, ಮುಖದ ಕಡೆ ಏನೂ ಇಲ್ವಲ್ಲೋ!" ಎಂದು ಗಾಬರಿಯಾದ.

ಅಣ್ಣ ಅಂದು ಲಾಳಿ ನಿಲ್ಲಿಸಿದ.

"ತಡಿ ಮಾವ, ಕನ್ನಡಿ ತರ್ತೀನಿ. ಹಂಗೇ ಮೀಸೆಗೂ ಆಗ್ತೈತೆ."