ವೀರಭದ್ರನ ಕಾವಲು

ಚಿಂಚವಾಡದ ಅಂಬಾರಾಯರ ಕಿವಿಗೆ ಬಿದ್ದ ಮಾತು ಬಾಯಿಗೆ ಬರುತ್ತಿರಲಿಲ್ಲ. ಪುಣೆಯ ಕನ್ನಡದ ಮನೆಗಳಲ್ಲಿ ಹೆಣ್ಣು ಗಂಡು ಕೂಡಿಸುವ ಹಿರಿಯರೆಂದರೆ ಅವರೇ. ಕಾರ್ಖಾನೆಯ ಪಾಳಿ ಮುಗಿಸಿ, ದಣಿವು ಅನ್ನದೆ ಮನೆಮನೆ ತಿರುಗುತ್ತಿದ್ದರು. ಯಾವ ಹುಡುಗಿಗೆ ಯಾವ ಕಾಯಿಲೆ, ಯಾವ ಹುಡುಗನಿಗೆ ಯಾವ ಚಟ, ಎಲ್ಲವೂ ಅವರ ಹೊಟ್ಟೆಯೊಳಗೆ. ಅದಕ್ಕೆಂದೇ ಜನ ಅವರನ್ನು ನಂಬಿದ್ದರು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಎಲ್ಲರೂ ಫೋಟೊ, ವಿವರಗಳನ್ನು ಇ-ಮೇಲ್‌ನಲ್ಲೇ ಕಳಿಸತೊಡಗಿದರು. ಅಂಬಾರಾಯರೂ ಸೈಬರ್ ಕೆಫೆಗೆ ಹೋಗಿ ಒಂದು ಖಾತೆ ತೆರೆದರು. ಪಾಸ್‌ವರ್ಡ್ ಕೇಳಿದಾಗ ತಡಮಾಡಲಿಲ್ಲ. ಮನೆದೇವರು ವೀರಭದ್ರನ ಹೆಸರಿಟ್ಟರು. ದೇವರೇ ಕಾವಲಿಗೆ ನಿಂತ ಮೇಲೆ ಯಾವ ಮಗ ಮುಟ್ಟಿಯಾನು! ಆದರೆ ಸಂಬಂಧ ಬೆಳೆಸಲು ಬಂದವರು ಮೊದಲು ಕೇಳುವುದೇ ‘ಮನೆದೇವರು ಯಾರ್ರಿ?’ ಎಂದು. ಅಂಬಾರಾಯರು ತಮ್ಮದನ್ನೂ ಎಲ್ಲರಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಇದೊಂದು ಮಾತ್ರ ಅವರ ತಲೆಗೆ ಹೊಳೆಯಲೇ ಇಲ್ಲ, ಏನು ಮಾಡೋಣ!

ಪೆಟ್ಟು ಬಿದ್ದದ್ದು, ಅವರಿಗೆ ಗಂಡು ನೋಡಲು ಹೇಳಿದ್ದ ಫಕೀರಪ್ಪನ ಮಗಳು ರೇಣುವಿಗೆ. ಚಿಕ್ಕಂದಿನಲ್ಲಿ ಅವಳಿಗೆ ಮೂರ್ಛೆ ಬರುತ್ತಿತ್ತು; ವಾಸಿಯಾಗಿ ವರ್ಷಗಳೇ ಆಗಿದ್ದವು. ಗಂಡಿನವರಿಗೆ ಎದುರು ಕೂತು ಹೇಳಿದರಾಯಿತೆಂದು ಫಕೀರಪ್ಪ ಆ ಸಂಗತಿಯನ್ನು ಅಂಬಾರಾಯರಿಗಷ್ಟೇ ಇ-ಮೇಲ್‌ನಲ್ಲಿ ಬರೆದು ತಿಳಿಸಿದ್ದ. ಹಿಂದೆ ರೇಣು ಒಲ್ಲೆನೆಂದಿದ್ದ ವರನ ಸೋದರಮಾವ, ದೇವರ ಹೆಸರು ಒತ್ತಿ ಅಂಬಾರಾಯರ ಖಾತೆಯೊಳಗೆ ನುಗ್ಗಿ, ಆ ಪತ್ರವನ್ನು ರೇಣುವನ್ನು ಒಪ್ಪಿದ್ದ ಸೋಲಾಪುರದ ಹೊಸ ಬೀಗರಿಗೆ ರವಾನಿಸಿಬಿಟ್ಟ. ಆಮೇಲೆ ಯಾರದೋ ಮದುವೆಯಲ್ಲಿ ಕೊಚ್ಚಿಕೊಂಡನಂತೆ, ಹಾಳಾದವನು. “ಮುಚ್ಚಿಟ್ಟು ಹೆಣ್ಣು ಕೊಡಾಕ ಬಂದ್ರಿ” ಎಂದು ಬೀಗರು ನಿಶ್ಚಯ ಮುರಿದರು.

 ಅಂಬಾರಾಯರು ರೇಣುವಿನ ಮನೆಗೆ ಹೋಗಿ ಕೈ ಮುಗಿದರು.

“ನನ್ನಿಂದ ನಿನ್ನ ಲಗ್ನ ಮುರೀತವ್ವಾ ರೇಣು.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಖರಾಡಿಯ ಆಫೀಸಿನಿಂದ ಆಗಷ್ಟೇ ಬಂದಿದ್ದವಳು, ಮತ್ತೆ ಚಪ್ಪಲಿ ಮೆಟ್ಟಿ ಅವರನ್ನು ಕೆಫೆಗೆ ಕರೆದೊಯ್ದಳು.

“ಉಳದ ಹುಡುಗ್ಯಾರ ಮಾತು ನಿಮ್ಮ ಖಾತೇದಾಗ ಇನ್ನೂ ಅದಾವ್ರಿ ಕಾಕಾ. ಮೊದಲ ಪಾಸ್‌ವರ್ಡ್ ಬದಲಸ್ರಿ. ದೇವರ ಹೆಸರು ಬ್ಯಾಡ, ಊರು ಬ್ಯಾಡ, ಮಕ್ಕಳ ಹೆಸರೂ ಬ್ಯಾಡ. ಉದ್ದ ಇರ್ಲಿ. ತಾಳಮೇಳ ಇಲ್ಲದ ಶಬ್ದ ಕೂಡಸ್ರಿ, ನಡುವ ಅಂಕಿ, ಚಿಹ್ನೆ ಹಾಕ್ರಿ. ಇದನ್ನ ಬ್ಯಾರೆ ಖಾತೆಗೆ ಇಡಬ್ಯಾಡ್ರಿ.”

“ನೀನ ಹಾಕಿಬಿಡವ್ವಾ.”

“ಛೇ, ನಾ ನೋಡಿದ್ರ ಅದೆಂಥಾ ಗುಟ್ಟ್ರಿ?” ಎಂದು ಅವಳು ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತಳು. ಅಂಬಾರಾಯರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಇಷ್ಟಾದ ಮೇಲೂ ಈ ಹುಡುಗಿ ತಮ್ಮನ್ನು ನಂಬಿ ಬೆನ್ನು ಕೊಟ್ಟು ನಿಂತಿದ್ದಾಳಲ್ಲ ಎಂದು ನಡುನಡುವೆ ಅವಳತ್ತ ತಿರುಗಿ ನೋಡಿದರು.

ಹೊರಗೆ ಬಂದಾಗ ಅಳುಕುತ್ತ ಕೇಳಿದರು: “ನಿನಗ ಇನ್ನೊಂದು ಗಂಡು ನೋಡ್ಲೇನು?”

“ನೋಡ್ರಿ.”

“ಜೀವ ಹೋದ್ರೂ ಆ ಮಾತು ಇನ್ನ ಹೊರಗ ಬಿಡಂಗಿಲ್ಲವ್ವಾ.”

“ಅದನ್ನ ನೀವು ಕಾಯೂದು ಬ್ಯಾಡ್ರಿ ಕಾಕಾ,” ಎಂದಳು ರೇಣು. “ಬಂದವರಿಗೆ ಚಹಾ ಕೊಡೂಕಿಂತ ಮೊದಲ ನಾನ ಹೇಳ್ತೀನಿ.”