ಪೆನ್ಸಿಲಿನಲ್ಲಿ ಬರೆದ ಒಂದು ಮಾತು

ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಅಡಿಟಿಪ್ಪಣಿ’ ಎಂದೇ. ಯಂತ್ರದ ಭಾಗಗಳ ಕೂಗನ್ನು ಪ್ರೊಸೆಸರಿಗೆ ಮುಟ್ಟಿಸುವ ಇಂಟರಪ್ಟ್ ಕಂಟ್ರೋಲರ್ ಎಂಬ ಚಿಪ್ಪನ್ನು ನಡೆಸುವ ಕೋಡ್, ಅಂದರೆ ಡ್ರೈವರ್, ಬರೆಯುವುದು ಅವನ ಕಸುಬು. ಚಿಪ್‌ನ ಸಾವಿರ ಪುಟದ ಕೈಪಿಡಿಯನ್ನು ಅಡಿಟಿಪ್ಪಣಿ ಸಮೇತ ಅರೆದು ಕುಡಿದಿದ್ದ; ಓದದೆ ಕೋಡ್ ಬರೆಯುವ ಕಿರಿಯರ ಬೆವರಿಳಿಸುತ್ತಿದ್ದ. ಮನೆಯಲ್ಲಿ ಮಾತ್ರೆಯ ಚೀಟಿಯನ್ನೂ ಪೂರ್ತಿ ಓದುತ್ತಿದ್ದ. “ನನ್ನನ್ನ ಕಟ್ಕೊಳ್ಳೋವಾಗ ಮಾತ್ರ ಏನೂ ಓದ್ಲಿಲ್ಲ ನೋಡಿ,” ಎಂದು ಹೆಂಡತಿ ನಗುತ್ತಿದ್ದಳು. ತಿಳಿದ ಸಾಲು ಬಂದರೆ ಪಕ್ಕದಲ್ಲಿ ಪೆನ್ಸಿಲಿನಿಂದ ‘ಗೊತ್ತು’ ಎಂದು ಬರೆದು ಮುಂದೆ ಹೋಗುವುದು ಅವನ ರೂಢಿ.

ಆಸ್ಪತ್ರೆಯ ಉಸಿರಾಟದ ಯಂತ್ರವೊಂದರಲ್ಲಿ ಒಂದೇ ಕ್ಷಣಕ್ಕೆ ಎರಡು ಎಚ್ಚರಿಕೆಗಳು ಬಂದವು: ಬ್ಯಾಟರಿ ಇಳಿದಿದೆ, ಕೊಳವೆ ಕಳಚಿದೆ. ಬ್ಯಾಟರಿಯ ಗಂಟೆ ಹೊಡೆಯಿತು. ಕೊಳವೆಯದು ಹೊಡೆಯಲೇ ಇಲ್ಲ. ಮಲಗಿದ್ದ ಹೆಂಗಸು ಉಳಿಯಲಿಲ್ಲ.

ತಪ್ಪು ಸಿಕ್ಕಿದ್ದು ಅವನ ಡ್ರೈವರಿನಲ್ಲಿ. ಚಿಪ್‌ನೊಳಗಿನ ರಿಜಿಸ್ಟರಿನಲ್ಲಿ ಕಾದಿರುವ ಪ್ರತಿ ಕೂಗಿಗೂ ಒಂದು ಬಿಟ್, ಅದರಲ್ಲಿ ‘1’ ಎಂಬ ಗುರುತು; ಅದೇ ಬಿಟ್‌ಗೆ ಮತ್ತೆ ‘1’ ಬರೆದರೆ ಆ ಕೂಗು ಅಳಿಯುತ್ತದೆ. ಇವನು ಅಲ್ಲಿದ್ದದ್ದನ್ನೆಲ್ಲ ಓದಿ, ಬ್ಯಾಟರಿಯ ‘1’ ಸೇರಿಸಿ, ಎಲ್ಲವನ್ನೂ ಮರಳಿ ಬರೆದಿದ್ದ. ಬ್ಯಾಟರಿಗೆ ಓಗೊಡುವ ಭರದಲ್ಲಿ ಕೊಳವೆಯ ಕೂಗೂ ಅಳಿಸಿಹೋಗಿತ್ತು.

“ಕೈಪಿಡೀಲಿ ಸರಿಯಾಗಿ ಹೇಳಿಲ್ಲ ಅಂತ ವರದೀಲಿ ಬರ್ದು ಕೈತೊಳ್ಕೊಳ್ರೀ,” ಎಂದರು ಮ್ಯಾನೇಜರು.

“ಹೇಳಿದೆ ಸಾರ್,” ಎಂದು ಅವನು ಪುಟ ತೆರೆದಿಟ್ಟ.

‘ಓದಿದ್ದನ್ನು ಹಾಗೆಯೇ ಮರಳಿ ಬರೆಯಬೇಡಿ, ಕಾದಿರುವುದೆಲ್ಲ ಅಳಿಯುತ್ತದೆ.’ ಅಡಿಟಿಪ್ಪಣಿಯೂ ಅಲ್ಲ, ಪುಟದ ನಡುವೆ ದಪ್ಪ ಅಕ್ಷರದಲ್ಲೇ ಇತ್ತು. ಪಕ್ಕದಲ್ಲಿ ಅವನದೇ ಕೈಬರಹ: ಗೊತ್ತು.